ಗಾಳಿ ಯಾವ ಕಡೆ?

ನವೆಂಬರ್ ಬಂತೆಂದರೆ ಈ ಪೆನ್ಸಿಲ್ವೇನಿಯಾದ ಗಂಡಸರು ಸೋಪು ಬದಲಾಯಿಸುತ್ತಾರೆ. ಎಲ್ಲರೂ ಅಲ್ಲ ಬಿಡಿ, ಜಿಂಕೆ ಬೇಟೆಗೆ ಹೋಗುವವರು. ನಮ್ಮ ಬೇಲಿಯಾಚೆಯ ಯಜಮಾನರು ಆ ಪೈಕಿ. ವರ್ಷವಿಡೀ ಘಮಘಮ ಅಂತ ಓಡಾಡುವ ಮನುಷ್ಯ, ಈಗ ಸೆಂಟಿಲ್ಲ, ಪೌಡರಿಲ್ಲ, ವಾಸನೆಯೇ ಇಲ್ಲದ ಅದೆಂಥದೋ ಸೋಪಿನಲ್ಲಿ ಸ್ನಾನ. ಬೇಟೆಯ ಬಟ್ಟೆಗೆ ಬೇರೆ ಒಗೆತ, ಹಿತ್ತಲಿನಲ್ಲಿ ಬೇರೆ ಹಗ್ಗ. ಒಣಗಿದ ಮೇಲೆ ಅದನ್ನು ತರಗೆಲೆ, ಪೈನ್ ಸೊಪ್ಪಿನ ಜೊತೆ ಡಬ್ಬದಲ್ಲಿ ಹಾಕಿ ಬಿಗಿಯಾಗಿ ಮುಚ್ಚಿಡುತ್ತಾರೆ. ಅದನ್ನು ತೊಟ್ಟುಕೊಂಡು ಪೆಟ್ರೋಲ್ ಹಾಕಿಸುವಂತಿಲ್ಲ, ಹೋಟೆಲ್ ಮೆಟ್ಟಿಲು ಹತ್ತುವಂತಿಲ್ಲ. ಕಾಲಿಗೆ ಚರ್ಮದ ಬೂಟೂ ಕೂಡದು, ರಬ್ಬರಿನದೇ ಆಗಬೇಕು. ನಮ್ಮಜ್ಜಿ ಮಡಿಸೀರೆಯನ್ನು ಕೋಲಿನ ತುದಿಯಲ್ಲಿ ಎತ್ತಿ ಗಳುವಿಗೆ ಹಾಕುತ್ತಿದ್ದರಲ್ಲ, ಥೇಟ್ ಅದೇ ಶಿಸ್ತು. ಅಜ್ಜಿಯ ಮಡಿ ದೇವರಿಗೆ, ಇವರದು ಜಿಂಕೆಗೆ, ಅಷ್ಟೇ.

ಈ ಮಡಿಗೆ ಮೈಲಿಗೆ ಆದದ್ದು ನಮ್ಮ ಅಡುಗೆಮನೆಯಿಂದ. ಸಾರಿಗೆ ಇಂಗಿನ ಒಗ್ಗರಣೆ ಹಾಕುತ್ತಿದ್ದೆ, ಫ್ಯಾನಿನ ಗಾಳಿ ನೇರ ಅವರ ಹಗ್ಗದ ಕಡೆ ನುಗ್ಗಿದೆ. ಮನುಷ್ಯ ಬಹಳ ಮರ್ಯಾದಸ್ಥರು, ಜಗಳಕ್ಕೇನೂ ಬರಲಿಲ್ಲ. ಬೇಲಿಯ ಹತ್ತಿರ ಬಂದು, ಅದೇನು ಪದಾರ್ಥ ಅಂತ ವಿಚಾರಿಸಿದರು. ಡಬ್ಬಿ ತಂದು ತೋರಿಸಿದೆ. ಮೂಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಇದರ ಮುಂದೆ ನನ್ನ ಸೋಪಿನ ಆಟ ನಡೆಯುವುದಿಲ್ಲ ಅಂದರು. ಹಗ್ಗ ಮನೆಯ ಆ ಬದಿಗೆ ಹೋಯಿತು. ನಮ್ಮ ಹರಟೆ ಶುರುವಾದದ್ದು ಅಲ್ಲಿಂದ.

ನನಗೆ ಅರ್ಥವಾಗದೆ ಹೋದದ್ದು ಒಂದೇ. ಇಷ್ಟೆಲ್ಲ ಅಡಗಿಸಿಕೊಂಡು ಹೋಗುವವರು ಮೈಮೇಲೆ ಹಾಕಿಕೊಳ್ಳುವುದು ಏನು ಅಂತೀರಿ? ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ, ಅದೇ ಬಣ್ಣದ ಟೋಪಿ! ಕೋವಿ ಬೇಟೆಯ ದಿನಗಳಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲದಷ್ಟು ಆ ಬಣ್ಣ ಇರಲೇಬೇಕು ಅಂತ ಈ ರಾಜ್ಯದ ಕಾನೂನು. ಒಬ್ಬ ಬೇಟೆಗಾರ ಇನ್ನೊಬ್ಬನಿಗೆ ಗುಂಡು ಹೊಡೆಯದಿರಲಿ ಅಂತ. ಹಾಗಾದರೆ ಜಿಂಕೆಗೆ ಕಾಣುವುದಿಲ್ಲವೇ ಅಂದರೆ, ಕಾಣುತ್ತದೆ, ಆದರೆ ಕಿತ್ತಳೆಯಾಗಿ ಅಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶ ಮೂರು ಬಗೆ, ಜಿಂಕೆಗೆ ಎರಡೇ. ನೀಲಿ ಚೆನ್ನಾಗಿ ಕಾಣುತ್ತದೆ, ಕೆಂಪು ಕಿತ್ತಳೆಗಳು ಸೊಪ್ಪುಸದೆಯ ಬಣ್ಣದಲ್ಲಿ ಬೆರೆತುಹೋಗುತ್ತವೆ. ಕಿತ್ತಳೆ ಅಂಗಿಯವನು ಅಲುಗಾಡದೆ ಕೂತರೆ ಬಚಾವ್. ನೀಲಿ ಜೀನ್ಸ್ ಪ್ಯಾಂಟು ಹಾಕಿ ಕೂತವನೇ ಕೆಟ್ಟ.

ಮೂಗಿನ ಹತ್ತಿರ ಮಾತ್ರ ಈ ರಿಯಾಯಿತಿ ನಡೆಯುವುದಿಲ್ಲ. ಜಿಂಕೆ ಆಗಾಗ ನಾಲಿಗೆ ಚಾಚಿ ಮೂಗು ನೆಕ್ಕಿಕೊಳ್ಳುತ್ತದೆ. ಒದ್ದೆ ಮೂಗಿಗೆ ವಾಸನೆಯ ಕಣ ಚೆನ್ನಾಗಿ ಅಂಟುತ್ತದಂತೆ. ಕಂಡದ್ದನ್ನು ಇನ್ನೊಮ್ಮೆ ನೋಡಿ, ಕೇಳಿದ್ದಕ್ಕೆ ಇನ್ನೊಮ್ಮೆ ಕಿವಿ ತಿರುಗಿಸಿ ಅನುಮಾನ ಪರಿಹರಿಸಿಕೊಳ್ಳುವ ಪ್ರಾಣಿ, ಮೂಗಿಗೆ ಬಂದದ್ದನ್ನು ಮಾತ್ರ ಮರುಪ್ರಶ್ನೆ ಮಾಡುವುದಿಲ್ಲ. ಗೊರಸು ಕುಟ್ಟಿ, ಫುಸ್ಸೆಂದು ಗಟ್ಟಿಯಾಗಿ ಮೂಗುಸಿರು ಬಿಟ್ಟು, ಬಾಲದ ಬಿಳಿ ಮೇಲಕ್ಕೆತ್ತಿ ಪರಾರಿ. ಆ ಸದ್ದಿಗೆ ಸುತ್ತಲಿನ ಜಿಂಕೆಗಳೆಲ್ಲ ಎಚ್ಚರ. ಅವತ್ತಿನ ಬೇಟೆ ಮುಗಿದಂತೆಯೇ.

ಈ ಭಯದ ಮೇಲೆ ದೊಡ್ಡ ವ್ಯಾಪಾರವೇ ನಿಂತಿದೆ. ವಾಸನೆ ಹೀರುವ ಇದ್ದಿಲು ಸೇರಿಸಿದ ಬಟ್ಟೆ, ಓಝೋನ್ ಊದುವ ಯಂತ್ರ, ಮೈಗೆ ಹೊಡೆದುಕೊಳ್ಳುವ ಸ್ಪ್ರೇ. ಹೆಣ್ಣು ಜಿಂಕೆಯ ಮೂತ್ರವನ್ನು ಸೀಸೆಯಲ್ಲಿ ತುಂಬಿ ಮಾರುತ್ತಾರೆ, ಗಂಡನ್ನು ಸೆಳೆಯಲಿಕ್ಕೆ. ಗೋಮೂತ್ರದ ಅರ್ಕ ಮಾರುವ ಊರಿನಿಂದ ಬಂದವಳು ಅದಕ್ಕೆ ನಗುವುದು ಸರಿಯಲ್ಲ, ಆದರೂ ನಕ್ಕೆ. ಕೆಲವು ರಾಜ್ಯಗಳು ಅದನ್ನೀಗ ನಿಷೇಧಿಸಿವೆ. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ, 1967ರಲ್ಲಿ ಕೊಲರಾಡೋದಲ್ಲಿ ಮೊದಲು ಕಂಡ ಕಾಯಿಲೆಯೊಂದು ಮೂತ್ರದ ಮೂಲಕವೂ ಹರಡೀತು ಅಂತ ಭಯ. ಯಜಮಾನರು ಇಷ್ಟು ಮಡಿ ಮಾಡಿದರೂ ಯಂತ್ರಗಳನ್ನು ನಂಬುವವರಲ್ಲ. ಅವರದು ಒಂದೇ ಮಾತು: ಬಟ್ಟೆ ಒಗೆಯಬಹುದು, ಉಸಿರನ್ನು ಒಗೆಯಲಾಗುತ್ತದೆಯೇ? ಚರ್ಮದಿಂದ ಕ್ಷಣಕ್ಷಣಕ್ಕೂ ಉದುರುವ ಹೊಟ್ಟು, ಅದರ ಮೇಲೆ ಬದುಕುವ ಬ್ಯಾಕ್ಟೀರಿಯಾ, ಇವನ್ನೆಲ್ಲ ಎಲ್ಲಿಗೆ ಕಳಿಸುತ್ತೀರಿ? ಆದ್ದರಿಂದ ಗಾಳಿ ನೋಡಿ ಕೂರು. ಗಾಳಿ ಜಿಂಕೆಯಿಂದ ನಿನ್ನ ಕಡೆ ಬರುತ್ತಿರಬೇಕು, ನಿನ್ನಿಂದ ಅದರ ಕಡೆ ಹೋಗಬಾರದು.

ಹೇಳಲಿಕ್ಕೆ ಸುಲಭ. ಫೋನಿನಲ್ಲಿ ವಾಯವ್ಯದ ಗಾಳಿ ಅಂತ ಬರುತ್ತದೆ, ಅದು ಬಯಲಿನ ಗಾಳಿ. ಗುಡ್ಡ ಕಣಿವೆಯೊಳಗೆ ಅದು ಮಾಡುವ ಚೇಷ್ಟೆ ಬೇರೆ. ಬಿಸಿಲೇರಿ ಗುಡ್ಡದ ಮೈ ಕಾದಂತೆ ಗಾಳಿ ಮೇಲಕ್ಕೆ ಹತ್ತುತ್ತದೆ, ಆಗ ಜಿಂಕೆಯ ದಾರಿಗಿಂತ ಮೇಲೆ ಕೂರಬೇಕು. ಸಂಜೆ ನೆಲ ತಣ್ಣಗಾದರೆ ಗಾಳಿಯೂ ತಣಿದು, ತೂಕ ಬಂದು, ಹಳ್ಳಕ್ಕೆ ಇಳಿಯುತ್ತದೆ. ಆಗ ಕೆಳಗೆ ಕೂರಬೇಕು. ಇವೆರಡರ ನಡುವೆ ಗಾಳಿಗೆ ದಿಕ್ಕೇ ಇಲ್ಲದ ಒಂದು ಹೊತ್ತಿದೆ, ಅದು ಅತಿ ಮೋಸದ್ದು. ಜಿಂಕೆಯೇನು ದಡ್ಡನೇ? ಅದು ಮಲಗುವಾಗ ಗಾಳಿಗೆ ಬೆನ್ನು ಕೊಟ್ಟು ಮಲಗುತ್ತದೆ. ಬೆನ್ನ ಹಿಂದಿನದನ್ನು ಮೂಗು ಕಾಯುತ್ತದೆ, ಎದುರಿನದನ್ನು ಕಣ್ಣು.

ಗಾಳಿಯ ಜಾಡು ಹಿಡಿಯಲು ಅಂಗಡಿಯಲ್ಲಿ ಪುಡಿ ಊದುವ ಪುಟ್ಟ ಬಾಟಲಿ ಸಿಗುತ್ತದೆ. ಯಜಮಾನರ ಜೇಬಿನಲ್ಲಿ ಇರುವುದು ಮಿಲ್ಕ್‌ವೀಡ್ ಗಿಡದ ಕಾಯಿ. ಒಡೆದು ತೋರಿಸಿದರು: ಒಳಗೆ ಮೀನಿನ ಹುರುಪೆಯಂತೆ ಒತ್ತಾಗಿ ಜೋಡಿಸಿದ ಕಂದು ಬೀಜ, ಒಂದೊಂದಕ್ಕೂ ರೇಷ್ಮೆಯ ಕುಚ್ಚು. ಅಯ್ಯೋ, ಇದು ನಮ್ಮ ಎಕ್ಕದ ಕಾಯಿಯಲ್ಲವೇ ಅಂದೆ. ಮುರಿದರೆ ಅದೇ ಹಾಲು, ನಿಜಕ್ಕೂ ಎರಡೂ ಒಂದೇ ಕುಟುಂಬದವು. ಒಂದು ಕುಚ್ಚನ್ನು ಬೆರಳಿಂದ ಬಿಟ್ಟರು. ಬೇಲಿ ದಾಟಿ ನಮ್ಮ ಕಡೆ ಬಂತು, ಗ್ಯಾರೇಜಿನ ಮೂಲೆಯಲ್ಲಿ ಗಿರಕಿ ಹೊಡೆಯಿತು, ಏನನ್ನಿಸಿತೋ, ವಾಪಸು ಅವರ ತಲೆಯ ಮೇಲಿಂದಲೇ ಹೋಯಿತು. ಪುಡಿಯಾದರೆ ಮೂರು ಮಾರು ದೂರದಲ್ಲೇ ಕಾಣೆ. ಇದು ಗಾಳಿ ಎಲ್ಲಿ ತಿರುಗುತ್ತದೆ ಅನ್ನುವುದನ್ನೂ ತೋರಿಸುತ್ತದೆ.

ನಮ್ಮ ಮಲೆನಾಡಿನಲ್ಲಿ ಬೇಟೆಗೆ ಹೊಂಚು ಹಾಕಿ ಮರಸು ಕೂರುತ್ತಿದ್ದ ಕಾಲದವರಿಗೂ ಈ ವಿದ್ಯೆ ಗೊತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಬಾಯಿಮಾತಿನ ಕತೆ, ಒಳ್ಳೆಯದೇ ಆಯಿತು. ಗಾಳಿಯ ವಿಷಯ ಬಂದಾಗ ಜಿಮ್ ಕಾರ್ಬೆಟ್ ಬರೆದದ್ದನ್ನು ನಾನು ಯಜಮಾನರಿಗೆ ಹೇಳದೆ ಬಿಡಲಿಲ್ಲ. ಮನುಷ್ಯನ ಮೂಗು ಯಾತಕ್ಕೂ ಬಾರದ್ದು ಅಂತ ಹುಲಿಗೆ ಗೊತ್ತಿಲ್ಲವಂತೆ. ನರಭಕ್ಷಕನಾದರೂ ಅದು ಜಿಂಕೆ ಹಿಡಿಯುವ ಕ್ರಮದಲ್ಲೇ, ತನ್ನ ವಾಸನೆ ನಮಗೆ ಬಡಿಯದ ಕಡೆಯಿಂದಲೇ ಬರುತ್ತದಂತೆ. ಹಾಗಾಗಿ ಕಾರ್ಬೆಟ್ಟರು ಗಾಳಿ ಬೀಸಿಬರುವ ದಿಕ್ಕನ್ನು ಬಿಟ್ಟು, ಅದು ಹೋಗುವ ದಿಕ್ಕಿನ ಮೇಲೆ ಕಣ್ಣಿಟ್ಟು ನಡೆಯುತ್ತಿದ್ದರು. ನಮಗಿಲ್ಲದ ಮೂಗಿಗೆ ಹುಲಿ ಕೊಟ್ಟ ಮರ್ಯಾದೆ ಅವರ ಜೀವ ಉಳಿಸಿತು ಅನ್ನಿ. ಯಜಮಾನರು ಇದನ್ನು ಎರಡು ಸಲ ಹೇಳಿಸಿಕೊಂಡರು.

ಇಷ್ಟು ಕೇಳಿ ನೀವು ಜಿಂಕೆಗೆ ಮನುಷ್ಯರ ವಾಸನೆಯೆಂದರೆ ಆಗದು ಅಂದುಕೊಂಡಿರಿ. ಹಾಗಾದರೆ ಆ ಯಜಮಾನರ ಹೆಂಡತಿಯ ತೋಟಕ್ಕೆ ಬನ್ನಿ. ಆಕೆ ಹೂವಿನ ಗಿಡಗಳ ಸುತ್ತ ಘಾಟು ವಾಸನೆಯ ಸೋಪುಗಳನ್ನು ದಾರ ಕಟ್ಟಿ ನೇತುಹಾಕಿದ್ದಾರೆ, ಜಿಂಕೆ ಬರದಿರಲಿ ಅಂತ. ಗಂಡ ಕಾಡಿಗೆ ಹೋಗಲು ಬಿಟ್ಟ ಸೋಪೇ ಹೆಂಡತಿಯ ಗುಲಾಬಿಗೆ ಕಾವಲು! ಮೊದಲ ವಾರ ಜಿಂಕೆ ದೂರ ನಿಂತವು. ಆಮೇಲೆ ಸೋಪನ್ನು ಮೂಸಿ ಪಕ್ಕಕ್ಕೆ ಸರಿಸಿ ಮೊಗ್ಗು ತಿಂದವು. ನಮ್ಮ ಕಡೆ ಕಾಡುಹಂದಿ ಓಡಿಸಲು ಕ್ಷೌರದಂಗಡಿಯ ಕೂದಲು ತಂದು ಗದ್ದೆಯ ಸುತ್ತ ಚೆಲ್ಲುತ್ತಾರಲ್ಲ, ಅದರ ಪ್ರತಾಪವೂ ಹೀಗೇ. ಬಂಡೀಪುರದಲ್ಲಿ ಕತ್ತಲಾದರೆ ಚುಕ್ಕೆ ಜಿಂಕೆಗಳು ಅರಣ್ಯ ಇಲಾಖೆಯ ಕಟ್ಟಡಗಳ ಸುತ್ತಲೇ ಬಂದು ಮಲಗುತ್ತವೆ. ಹುಲಿಗಿಂತ ಮನುಷ್ಯ ವಾಸಿ ಅಂತ.

ನನಗನ್ನಿಸುವುದು, ಜಿಂಕೆ ಕೇಳುವ ಪ್ರಶ್ನೆ ಇದು ಯಾರ ವಾಸನೆ ಅಂತಲ್ಲ, ಈ ವಾಸನೆಗೆ ಇಲ್ಲೇನು ಕೆಲಸ ಅಂತ. ಅಂಗಳದಲ್ಲಿ ಇಂಗಿನ ವಾಸನೆ ಬಂದರೆ, ಓಹೋ, ಆ ಮುದುಕಿ ಸಾರು ಮಾಡುತ್ತಿದ್ದಾಳೆ, ಅಷ್ಟೇ. ಅದೇ ವಾಸನೆ ಬೆಳಗಿನ ಜಾವ ಕಾಡಿನ ಓಕ್ ಮರದ ಮೇಲಿಂದ ಬಂದರೆ ಅನುಮಾನ. ಯಜಮಾನರು ಇದನ್ನು ಒಪ್ಪಿದರು, ಆದರೆ ಸೋಪು ಬಿಡಲು ಒಪ್ಪಲಿಲ್ಲ.

ಮೊದಲೆಲ್ಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಸೋಮವಾರ ಕೋವಿ ಬೇಟೆ ಶುರುವಾಗುತ್ತಿತ್ತು, ಶಾಲೆಗಳಿಗೂ ಅವತ್ತು ರಜೆ. 2019ರಿಂದ ಶನಿವಾರಕ್ಕೆ ಬಂದಿದೆ. ಈ ಸಲವೂ ಯಜಮಾನರು ಕತ್ತಲಲ್ಲೇ ಎದ್ದು, ಡಬ್ಬದ ಬಟ್ಟೆ ತೊಟ್ಟು, ಎಲ್ಲೋ ದೂರದ ಗುಡ್ಡದಲ್ಲಿ ಚಳಿಯಲ್ಲಿ ಕೂತು ಬರಿಗೈಲಿ ಬಂದರು. ಅಷ್ಟರಲ್ಲಿ ಮೂರು ಜಿಂಕೆ ಅವರದೇ ಹಿತ್ತಲಲ್ಲಿ ತಿಂಡಿ ಮುಗಿಸಿದ್ದವು. ಇಷ್ಟು ಕಷ್ಟ ಯಾಕೆ, ಅಡುಗೆಮನೆ ಕಿಟಕಿಯಲ್ಲೇ ಕೂರಬಾರದೇ ಅಂತ ಹೆಂಡತಿ. ಜನವಿರುವ ಮನೆಗಳಿಂದ 150 ಗಜದೊಳಗೆ ಆ ಮನೆಯವರ ಒಪ್ಪಿಗೆಯಿಲ್ಲದೆ ಕೋವಿ ಹಿಡಿದು ಬೇಟೆಯಾಡುವಂತಿಲ್ಲ ಅಂತ ಕಾನೂನು ಹೇಳಿದರು ಗಂಡ. ಅಕ್ಕಪಕ್ಕದ ಮನೆಯೆಂದರೆ ನಮ್ಮದೂ ಬಂತು. ಒಪ್ಪಿಗೆ ಕೊಡುತ್ತೀಯಾ ಅನ್ನುವಂತೆ ಇಬ್ಬರೂ ನನ್ನತ್ತ ತಿರುಗಿದರು. ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ ಅಂತ ನಾನು ಒಳಗೆ ಬಂದುಬಿಟ್ಟೆ.