ನಿರ್ವಾತ ಪಟಶಾಸ್ತ್ರ: ದಕ್ಷಿಣ ಬೆಂಗಳೂರಿನ ಪಾಠ

ಆಷಾಢದಲ್ಲಿ ಪಟ ಹಾರಿಸುವುದು ಪಾಂಡಿತ್ಯವಲ್ಲ. ಕೆಲಸವೆಲ್ಲ ಮುಂಗಾರು ಗಾಳಿಯದು. ಮನುಷ್ಯ ದಾರ ಹಿಡಿದು ಹೆಸರು ತಗೊಳ್ಳುತ್ತಾನೆ. ದೊಡ್ಡಬಳ್ಳಾಪುರದವರು ಆ ತಿಂಗಳಲ್ಲೇ ಗಾಳಿಪಟ ಉತ್ಸವ ಇಟ್ಟುಕೊಳ್ಳುವುದೂ ಅದೇ ಭರವಸೆಯ ಮೇಲೆ. ಶಾಸ್ತ್ರ ಬೇಕಾಗುವುದು ಜಯನಗರದ ತಾರಸಿಯಲ್ಲಿ ಒಣಹಾಕಿದ ಪಂಚೆಯ ಅಂಚೂ ಅಲುಗದ ಮಧ್ಯಾಹ್ನಗಳಿಗೆ.

ಮೊದಲು ಪ್ರಮಾಣ ವಿಚಾರ. 1805ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫೋರ್ಟ್ ಗಾಳಿಗೆ ಅಂಕ ಹಾಕಿಟ್ಟ. ಮುಂದೆ ನೆಲದ ಮೇಲಿರುವವರಿಗಾಗಿ ತಿದ್ದಿದ ಆ ಪಟ್ಟಿಯಂತೆ, ಹೊಗೆ ನೆಟ್ಟಗೆ ಏರಿದರೆ ಸೊನ್ನೆ. ವಾಲಿದರೆ ಒಂದು, ಅಂದರೆ ಗಂಟೆಗೆ 1ರಿಂದ 5 ಕಿ.ಮೀ. ಪ್ರಯೋಗಕ್ಕೆ ಊದುಬತ್ತಿ ಸಾಕು. ಸೊಳ್ಳೆಬತ್ತಿಯೂ ನಡೆಯುತ್ತದೆಂಬ ಬಿಟಿಎಂ ಪಂಥದ ವಾದವನ್ನು, ಮಡಿವಾಳ ಕೆರೆಯ ಸಾಮೀಪ್ಯ ಗಮನಿಸಿ, ಮಾನ್ಯ ಮಾಡಲಾಗಿದೆ.

ಇನ್ನು ಪಟಲಕ್ಷಣ. ಬಾಲಂಗೋಚಿ ಇಲ್ಲಿ ವರ್ಜ್ಯ. ಹೊರಲು ಗಾಳಿಯೇ ಇಲ್ಲದಾಗ ಅಲಂಕಾರವೂ ಭಾರವೇ. ಬೇಕಾದ್ದು ನಾಲ್ಕು ದಾರದ ಪಟ. ಸ್ಯಾನ್ ಡಿಯೇಗೋದ ಹ್ಯಾಡ್ಜಿಕಿ ಸಹೋದರರು 1980ರ ದಶಕದ ಕೊನೆಯಲ್ಲಿ ರೂಪಿಸಿದ ‘ರೆವಲ್ಯೂಷನ್’ ಈ ನಾಲ್ಕು ದಾರದ ಕುಲಕ್ಕೆ ಮೂಲಪುರುಷ. ಎರಡು ಕೈಗೆ ಎರಡು ಹಿಡಿ. ಹಿಡಿಯೊಂದಕ್ಕೆ ಮೇಲೊಂದು, ಕೆಳಗೊಂದು ದಾರ. ಕೆಳದಾರ ಎಳೆದರೆ ಪಟ ಹಿಮ್ಮುಖವಾಗಿ ಹಾರುತ್ತದೆ, ಸರಿತೂಗಿಸಿದರೆ ನಡು ಆಕಾಶದಲ್ಲಿ ನಿಂತುಬಿಡುತ್ತದೆ. ಕೊಳ್ಳುವವರು ಟೊಳ್ಳು ಕಾರ್ಬನ್ ಕಡ್ಡಿ, ತೆಳು ಪಾಲಿಯೆಸ್ಟರ್ ಬಟ್ಟೆ, ಸಣ್ಣೆಳೆಯ ದಾರ ನೋಡಬೇಕು. ಬಟ್ಟೆಯಲ್ಲಿ ಜಾಲರಿ ಕಿಂಡಿಯಿದ್ದರೆ ಅದು ಜೋರುಗಾಳಿಯ ಸೆಳೆತ ತಗ್ಗಿಸಲು ಮಾಡಿದ್ದು. ಹಾಗೇ ವಾಪಸ್ ಇಡಬೇಕು.

ಸಿದ್ಧಾಂತ ಇಷ್ಟೇ: ಗಾಳಿ ಬಾರದಿದ್ದರೆ ಹಾರಿಸುವವನೇ ಗಾಳಿಯಾಗಬೇಕು, ಅದೂ ಹಿಂದೆ ಹಿಂದೆ ನಡೆದು. 2 ಕಿ.ಮೀ. ಗಾಳಿಯಲ್ಲಿ 4 ಕಿ.ಮೀ. ವೇಗದಲ್ಲಿ ಹಿಂದಕ್ಕೆ ನಡೆದರೆ ಪಟಕ್ಕೆ ಸಿಗುವುದು 6 ಕಿ.ಮೀ. ವೇಗ ಮೂರು ಪಟ್ಟು; ಬಲವೋ, ವರ್ಗದ ಲೆಕ್ಕದಲ್ಲಿ, ಒಂಬತ್ತು ಪಟ್ಟು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಿನ ತೆಳುಗಾಳಿಯಿಂದ ಅದರಲ್ಲೂ ಶೇ 8ರಷ್ಟು ಖೋತಾ.

ತೊಡಕಿರುವುದು ಹಿಂದಕ್ಕೆ ನಡೆಯುವುದರಲ್ಲಿ. ವಾಡಿಕೆಯ 120 ಅಡಿ ದಾರವೆಂದರೆ ಉದ್ದಕ್ಕೆ ಮೂರು ಥರ್ಟಿ-ಫಾರ್ಟಿ ಸೈಟು. ಹೆಜ್ಜೆ ಹಾಕಲು ನಾಲ್ಕನೆಯದು. ಬನಶಂಕರಿಯಲ್ಲಿ ಅಂಥ ಖಾಲಿ ಸಾಲು ಎಲ್ಲಿದೆಯೆಂದು ಕೇಳಿದ ಶಿಷ್ಯನಿಗೆ ಗುರುಗಳು ಬ್ರೋಕರ್ ನಂಬರು ಕೊಟ್ಟರು. ಜೆ.ಪಿ. ನಗರದ ಫುಟ್‌ಪಾತಿನಲ್ಲಂತೂ ಮುಂದೆ ನೋಡಿಕೊಂಡು ನಡೆಯುವುದೇ ಪ್ರೌಢ ವಿದ್ಯೆ.

ಹೀಗಾಗಿ ಪಂಡಿತರು ಸೂರಿನಡಿಗೆ ಸರಿದರು. ಹತ್ತು-ಹದಿನೈದು ಅಡಿ ದಾರ ಕಟ್ಟಿ, ವೃತ್ತದಲ್ಲಿ ಹಿಂದಡಿಯಿಡುತ್ತ ಹೋದರೆ ಸೊನ್ನೆ ಗಾಳಿಯಲ್ಲೂ ಪಟ ಸುತ್ತುತ್ತದೆ. ಬೆನ್ನಿಗೆ ಗೋಡೆ ತಾಗುವ ಮುನ್ನ ದಾರ ಸಡಿಲ ಬಿಡಬೇಕು. ಪಟ ಅಂಗಾತ ಮಲಗಿ, ತೇಲುತ್ತ ಆಚೆ ಸರಿಯುತ್ತದೆ. ಆ ಒಂದು ಗಳಿಗೆಯಲ್ಲಿ ಮುಂದೆ ನಡೆದು ಬಿಟ್ಟುಕೊಟ್ಟ ನೆಲ ಮರಳಿ ಪಡೆಯಬೇಕು.

ಇದಕ್ಕೆ ಕಲ್ಯಾಣಮಂಟಪವೇ ಯೋಗ್ಯ: ಎತ್ತರದ ಸೂರು, ನುಣುಪು ನೆಲ, ನಡುವೆ ಕಂಬವಿಲ್ಲ. ಆದರೆ ಮದುವೆಯಿಲ್ಲದ ಆಷಾಢದಲ್ಲಿ ಮಂಟಪ ಖಾಲಿ, ಹೊರಗೆ ಬೇಕಾದಷ್ಟು ಗಾಳಿ. ಎಲೆ ಅಲುಗದ ವೈಶಾಖದ ಮಧ್ಯಾಹ್ನಕ್ಕೆ ಮಂಟಪ ಭರ್ತಿ. ಆರತಕ್ಷತೆಗೂ ಮುಹೂರ್ತಕ್ಕೂ ನಡುವಣ ರಾತ್ರಿಯನ್ನು ಬಳಸಬಹುದೆಂದು ಜಯನಗರ ಪಂಥ ಸೂಚಿಸಿದೆ. ಅದು ತಾವು ತರಕಾರಿ ಹೆಚ್ಚುವ ಹೊತ್ತೆಂದು ಅಡುಗೆ ಭಟ್ಟರು ಆಕ್ಷೇಪ ಎತ್ತಿದ್ದಾರೆ.