ಎಡಿಷನ್ ಸಾರ್

ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ಕಂಟ್ರೋಲರಿಗೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್‌ನಲ್ಲಿ ಯಾವ ಎಡಿಷನ್ ಕೊಳ್ಳಬೇಕಾಗಿತ್ತು ಎಂಬುದನ್ನು, ದುಡ್ಡು ಕಟ್ಟಿ ಡಬ್ಬ ಒಡೆದ ಮೇಲೆ ತಿಳಿಸುವವರೇ ಎಡಿಷನ್ ಸಾರ್. ಪೀಣ್ಯ, ಬೊಮ್ಮಸಂದ್ರ, ಬಿಡದಿ, ಹುಬ್ಬಳ್ಳಿಯ ತಾರಿಹಾಳ, ಹೀಗೆ ಪ್ಯಾನೆಲ್ ಕಟ್ಟುವ ಶೆಡ್ಡು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇವರು ಸಿಗುತ್ತಾರೆ. ವಯಸ್ಸು ಐವತ್ತರ ಆಚೀಚೆ. ಅಂಗಿಯ ಜೇಬಿನಲ್ಲಿ ಟೆಸ್ಟರ್, ಕೊರಳಲ್ಲಿ ಎರಡು ಕಂಪನಿ ಹಿಂದಿನ ಐಡಿ ಕಾರ್ಡಿನ ದಾರ. ಹುದ್ದೆಯ ಹೆಸರು ಏನೇ ಇರಲಿ, ಮೇಂಟೆನನ್ಸ್ ಹುಡುಗರಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರಿಗೂ ಅವರು ಬರೀ ‘ಸಾರ್’.

ಇವರ ವಿದ್ಯೆ ಸಣ್ಣದಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ತಡೆದುಕೊಳ್ಳುವುದು ಸುಲಭ. ಸೀಮೆನ್ಸ್‌ನ ಟಿಐಎ ಪೋರ್ಟಲ್ ಎಂಬ ಒಂದೇ ಹೆಸರಿನಡಿ ಸ್ಟೆಪ್ 7 ಬೇಸಿಕ್ ಬೇರೆ, ಸ್ಟೆಪ್ 7 ಪ್ರೊಫೆಷನಲ್ ಬೇರೆ. ಬೇಸಿಕ್‌ಗೆ 2009ರಲ್ಲಿ ಬಂದ ಸಣ್ಣ ಪಿಎಲ್‌ಸಿ ಎಸ್7-1200 ಒಂದೇ ಲೋಕ. ಎಸ್7-1500, ಹಳೆಯ 300 ಮತ್ತು 400 ಬೇಕೆಂದರೆ ಪ್ರೊಫೆಷನಲ್ಲೇ ಆಗಬೇಕು. ಸೇಫ್ಟಿ ಸಿಪಿಯು ಇದ್ದರೆ ಅದರ ಲೈಸೆನ್ಸ್ ಮತ್ತೆ ಬೇರೆ. ಲೈಸೆನ್ಸ್‌ನಲ್ಲೂ ಸಿಂಗಲ್ ಎಂದೊಂದು, ಫ್ಲೋಟಿಂಗ್ ಎಂದೊಂದು. ಮೊದಲನೆಯದು ಒಂದು ಕಂಪ್ಯೂಟರಿಗೆ ಅಂಟಿಕೊಂಡಿರುತ್ತದೆ. ಎರಡನೆಯದನ್ನು ಹಲವು ಲ್ಯಾಪ್‌ಟಾಪ್‌ಗಳು ಹಂಚಿಕೊಳ್ಳಬಹುದು, ಆದರೆ ಒಂದು ಹೊತ್ತಿಗೆ ಒಬ್ಬರೇ. ಇಷ್ಟನ್ನೂ ಸಾರ್ ಕಣ್ಣು ಮುಚ್ಚಿ ಒಪ್ಪಿಸುತ್ತಾರೆ. ನಿಜವಾಗಿಯೂ ಕಣ್ಣು ಮುಚ್ಚುತ್ತಾರೆ, ಕೇಳುವವರು ಆಗಲೇ ಎದ್ದು ಹೋಗುವುದುಂಟು.

ರಾಕ್‌ವೆಲ್‌ನ ಸ್ಟುಡಿಯೋ 5000 ಅವರಿಗೆ ಇನ್ನೂ ಪ್ರಿಯ, ಏಕೆಂದರೆ ಅದರಲ್ಲಿ ಮೆಟ್ಟಿಲು ಹೆಚ್ಚು: ಮಿನಿ, ಲೈಟ್, ಸ್ಟ್ಯಾಂಡರ್ಡ್, ಫುಲ್, ಪ್ರೊಫೆಷನಲ್. ಮಿನಿ ಮತ್ತು ಲೈಟ್ ಕೊಂಡವರು ಕಾಂಪ್ಯಾಕ್ಟ್‌ಲಾಜಿಕ್ಸ್‌ನಿಂದ ಆಚೆಗೆ ಕಾಲಿಡುವ ಹಾಗಿಲ್ಲ. ದೊಡ್ಡ ಕಂಟ್ರೋಲ್‌ಲಾಜಿಕ್ಸ್ ಇದ್ದರೆ ಸ್ಟ್ಯಾಂಡರ್ಡ್‌ನಿಂದ ಮೇಲಕ್ಕೆ ಹೋಗಬೇಕು. ಫುಲ್ ಎಂಬುದು ಪೂರ್ತಿಯಲ್ಲ, ಅದರ ಮೇಲೆ ಇನ್ನೊಂದು ಇದೆ. ಹೋಟೆಲಿನಲ್ಲಿ ಫುಲ್ ಮೀಲ್ಸ್ ತರಿಸಿಕೊಂಡವನಿಗೆ ಮಜ್ಜಿಗೆ ಎಕ್ಸ್‌ಟ್ರಾ ಎಂದ ಹಾಗೆ. ಇದನ್ನು ಹೇಳಿ ಸಾರ್ ಒಬ್ಬರೇ ನಗುತ್ತಾರೆ. ಎಡಿಷನ್ ಸರಿಯಾದರೆ ಸಾಲದು, ಸಾಫ್ಟ್‌ವೇರ್‌ನ ವರ್ಷನ್ ಕಂಟ್ರೋಲರಿನ ಫರ್ಮ್‌ವೇರಿಗೂ ಹೊಂದಬೇಕು. ಮಿತ್ಸುಬಿಷಿಯಲ್ಲಿ ಎಫ್‌ಎಕ್ಸ್3ಯುಗೆ ಜಿಎಕ್ಸ್ ವರ್ಕ್ಸ್2, ಎಫ್‌ಎಕ್ಸ್5ಯುಗೆ ಜಿಎಕ್ಸ್ ವರ್ಕ್ಸ್3. ಡೆಲ್ಟಾದ ಡಬ್ಲ್ಯುಪಿಎಲ್‌ಸಾಫ್ಟ್, ಷ್ನೈಡರ್‌ನ ಎಂ221ಗೆ ಬೇಕಾದ ಮೆಷೀನ್ ಎಕ್ಸ್‌ಪರ್ಟ್ ಬೇಸಿಕ್, ಕೋಡೆಸಿಸ್ ಇವೆಲ್ಲ ಪುಕ್ಕಟೆ. ಪುಕ್ಕಟೆ ಸಾಫ್ಟ್‌ವೇರ್ ಕಂಡರೆ ಸಾರ್‌ಗೆ ಅಷ್ಟಕ್ಕಷ್ಟೆ. ಆರಿಸುವ ಕೆಲಸವೇ ಇಲ್ಲದ ಕಡೆ ಅವರಿಗೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಇಷ್ಟೆಲ್ಲ ತಿಳಿದವರು ಸಕಾಲದಲ್ಲಿ ಬಾಯಿ ಬಿಟ್ಟರೆ ಅವರನ್ನು ಕನ್ಸಲ್ಟೆಂಟ್ ಎನ್ನುತ್ತಾರೆ. ಎಡಿಷನ್ ಸಾರ್ ಬಿಡುವುದಿಲ್ಲ. ಕೇಳದೆ ಹೇಳಿದ ಮಾತಿಗೆ ಬೆಲೆಯಿಲ್ಲ ಎಂಬುದು ಅವರ ಸಿದ್ಧಾಂತ. ಎಲ್ಲ ಮುಗಿದ ಮೇಲೆ, ಟೀ ಲೋಟ ಕೆಳಗಿಡುತ್ತ, ‘ಒಂದ್ ಮಾತು ಕೇಳಿದ್ರೆ ಹೇಳ್ತಿರ್ಲಿಲ್ವೇನಪ್ಪಾ?’ ಎನ್ನುತ್ತಾರೆ. ಆ ‘ಅಪ್ಪಾ’ದಲ್ಲಿ ಬೈಗುಳವಿಲ್ಲ, ನಿಜವಾದ ಕನಿಕರವಿದೆ. ಕೇಳುವವರಿಗೆ ಮೈ ಉರಿಯುವುದು ಅದಕ್ಕೇ.

ನೀರಿನ ಬಾಟಲಿ ತುಂಬುವ ಒಂದು ಕಾರ್ಖಾನೆಯಲ್ಲಿ ನಡೆದದ್ದನ್ನು ಈ ಬಗೆಯ ಪೂರ್ಣ ಮಾದರಿಯೆಂದು ಪರಿಗಣಿಸಬಹುದು. ಮೇಂಟೆನನ್ಸ್ ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಐಟಿ ವಿಭಾಗದ ಹುಡುಗ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಸಾರ್ ಎದುರಿಗೇ ಕೂತು ಖಾರಾ ಬನ್ ತಿನ್ನುತ್ತಿದ್ದರು. ಹುಡುಗ ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ, ಟಿಐಎ ಪೋರ್ಟಲ್ಲನ್ನೂ ಮತ್ತೆ ಇನ್‌ಸ್ಟಾಲ್ ಮಾಡಿ ಸಂಜೆಗೆ ತಂದುಕೊಟ್ಟ. ಲ್ಯಾಪ್‌ಟಾಪ್ ಕುದುರೆಯಂತಾಗಿತ್ತು, ಲೈಸೆನ್ಸ್ ಮಾತ್ರ ಇರಲಿಲ್ಲ. ಸೀಮೆನ್ಸ್‌ನ ಲೈಸೆನ್ಸ್ ಕೀ ಇರುವುದು ‘ಎಎಕ್ಸ್ ಎನ್‌ಎಫ್ ಝಡ್‌ಝಡ್’ ಎಂಬ, ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ. ಡಿಸ್ಕ್ ಒರೆಸುವ ಮುನ್ನ ಆಟೊಮೇಷನ್ ಲೈಸೆನ್ಸ್ ಮ್ಯಾನೇಜರ್ ತೆರೆದು ಅದನ್ನು ಪೆನ್‌ಡ್ರೈವಿಗೋ ಬೇರೆ ಕಂಪ್ಯೂಟರಿಗೋ ಸಾಗಿಸಬೇಕು. ಕಂಪನಿಗೆ ಬರೆದು ಕೇಳೋಣವೆಂದರೆ ಲೈಸೆನ್ಸ್ ಸರ್ಟಿಫಿಕೇಟ್ ಯಾವ ಫೈಲಿನಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಸಾರ್ ಬಂದು ನೋಡಿ, ಆ ಫೋಲ್ಡರಿನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ‘ಕೇಳಿದ್ರೆ ಹೇಳ್ತಿದ್ದೆ’ ಎಂದರು.

ಅಲ್ಲಿಗೇ ಮುಗಿಯಲಿಲ್ಲ. ಸದ್ಯಕ್ಕೆ ಟ್ರಯಲ್ ಲೈಸೆನ್ಸ್ ಹಾಕಿಕೊಂಡರು, ಅದು 21 ದಿನ ನಡೆಯುತ್ತದೆ. ಮೊದಲ ವಾರ ಎಲ್ಲರೂ ಗಾಬರಿಯಿಂದ ಇದ್ದರು, ಎರಡನೆಯ ವಾರ ಮರೆತರು, ಮೂರನೆಯ ವಾರದ ಕೊನೆಗೆ ಪರ್ಚೇಸ್ ವಿಭಾಗ ಬೇಸಿಕ್‌ಗೊಂದು, ಪ್ರೊಫೆಷನಲ್‌ಗೊಂದು ಕೊಟೇಶನ್ ತರಿಸಿತು. ಎರಡರಲ್ಲೂ ಸ್ಟೆಪ್ 7 ಎಂದೇ ಇತ್ತು, ರೇಟು ಮಾತ್ರ ಅಜಗಜಾಂತರ. ‘ಬೇಸಿಕ್ ಸಾಕು, ನಮ್ದೇನು ರಾಕೆಟ್ ಬಿಡೋದಿದ್ಯಾ?’ ಎಂದು ಪರ್ಚೇಸಿನವರು ಪಿಓ ಹೊಡೆದರು. ಫಿಲ್ಲಿಂಗ್ ಲೈನಿನಲ್ಲಿದ್ದದ್ದು ಎಸ್7-1500. ಬೇಸಿಕ್ ಅದನ್ನು ಮುಟ್ಟಲಿಲ್ಲ. ರಾತ್ರಿ ಪಾಳಿಯಲ್ಲಿ ಕ್ಯಾಪಿಂಗ್ ಹತ್ತಿರದ ಒಂದು ಸೆನ್ಸರ್ ಕೈಕೊಟ್ಟು, ಅದಕ್ಕಾಗಿ ಲೈನ್ ನಿಂತು, ಹತ್ತು ಜನ ಒಂದು ಲ್ಯಾಪ್‌ಟಾಪಿನ ಸುತ್ತ ನಿಂತಿದ್ದಾಗ ಸಾರ್ ಹಿಂದಿನಿಂದ ಬಗ್ಗಿ ನೋಡಿ, ‘1200 ಆಗಿದ್ದಿದ್ರೆ ಓಡ್ತಿತ್ತು’ ಎಂದರು. ಅದು ನಿಜ. ಸಾರ್ ಹೇಳುವುದೆಲ್ಲ ನಿಜವೇ. ಇಂಥವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರ ರಕ್ತದೊತ್ತಡಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ವಿಶ್ವಕೋಶದ ಧಾಟಿಯಲ್ಲಿ ಬರೆಯಲು ಕೂತವರ ಕೈ ಕೂಡ ಇಲ್ಲಿ ಸ್ವಲ್ಪ ನಡುಗುತ್ತದೆ.

ಉಳಿದ ಲಕ್ಷಣಗಳನ್ನು ಚಿಕ್ಕದಾಗಿ ಹೇಳಬಹುದು. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲನ್ನು ಸಾರ್ ನಂಬುವುದಿಲ್ಲ. ಟ್ರೈನಿಂಗ್ ಸೆಂಟರಿನಿಂದ ಬಂದ ಹುಡುಗರು ಕ್ರ್ಯಾಕ್ ಇರುವ ಪೆನ್‌ಡ್ರೈವ್ ತೋರಿಸಿದರೆ ಮುಖ ತಿರುಗಿಸುತ್ತಾರೆ. ಟಿಐಎ ಪೋರ್ಟಲ್ ವಿ16ರ ಪ್ರಾಜೆಕ್ಟನ್ನು ವಿ18ರಲ್ಲಿ ಅಪ್‌ಗ್ರೇಡ್ ಮಾಡಿ ಪಿಎಲ್‌ಸಿಗೆ ಇಳಿಸಿದ ಕಂಟ್ರಾಕ್ಟರನ ಹೆಸರು ಅವರಿಗೆ ಈಗಲೂ ಬಾಯಿಪಾಠ, ಏಕೆಂದರೆ ವಿ16 ಇದ್ದ ಲ್ಯಾಪ್‌ಟಾಪಿಗೆ ಆಮೇಲೆ ಆ ಯಂತ್ರ ಬಾಗಿಲು ತೆಗೆಯಲಿಲ್ಲ.

ಅವರ ಬ್ಯಾಗಿನಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಇರುತ್ತದೆ. ಹಿಂಜ್ ಮುರಿದಿದೆ, ಬ್ಯಾಟರಿ ಸತ್ತಿದೆ, ಆದರೆ ವಿಂಡೋಸ್ ಎಕ್ಸ್‌ಪಿ ಇದೆ, ನಿಜವಾದ ಸೀರಿಯಲ್ ಪೋರ್ಟ್ ಇದೆ, 1990ರ ದಶಕದ ಎಸ್5 ಕಂಟ್ರೋಲರಿಗೆ ಬೇಕಾದ ಸ್ಟೆಪ್ 5 ಇದೆ. ಲೈಸೆನ್ಸ್ ಫ್ಲಾಪಿಯಲ್ಲಿ ಬರುತ್ತಿದ್ದ ಕಾಲದ ಒಂದೆರಡು ಫ್ಲಾಪಿಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದಾರೆ. ಡ್ರಾಯಿಂಗ್ ಇಲ್ಲದ, ಬ್ಯಾಕಪ್ ಇಲ್ಲದ, ಬರೆದವರು ಯಾರೆಂದೇ ತಿಳಿಯದ ಹಳೆಯ ಯಂತ್ರ ಕೆಟ್ಟು ನಿಂತರೆ ಹೊಸ ಹುಡುಗರು ಫೋನ್ ಮಾಡುವುದು ಈ ಬ್ಯಾಗಿಗೇ. ಆಗ ಸಾರ್ ಬೈಯುವುದಿಲ್ಲ, ಬಾಟಾ ಎಷ್ಟೆಂದು ಕೇಳುವುದಿಲ್ಲ, ಮಧ್ಯರಾತ್ರಿ ಸ್ಕೂಟರಿನಲ್ಲಿ ಬಂದು ಪ್ಯಾನೆಲ್ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಬೆಳಗಾಗುವ ಹೊತ್ತಿಗೆ ಯಂತ್ರ ಓಡುತ್ತದೆ. ಅಂಥ ರಾತ್ರಿ ಅವರು ‘ಕೇಳಿದ್ರೆ ಹೇಳ್ತಿದ್ದೆ’ ಎನ್ನುವುದಿಲ್ಲ. ಅಲ್ಲಿ ಅವರನ್ನು ಕೇಳಿಯೇ ಆಗಿರುತ್ತದೆ.

ಕೊಳ್ಳುವ ಮೊದಲೇ ಅವರನ್ನು ಕೇಳಿದರೆ ಏನಾಗುತ್ತದೆ ಎಂಬ ಪ್ರಶ್ನೆ ಉಳಿಯಿತು. ಉದಾಹರಣೆಗಳು ಕಡಿಮೆ. ಬಾಟಲಿ ಕಾರ್ಖಾನೆಯಲ್ಲಿ, ಮೇಲಿನ ಅನುಭವದ ನಂತರ, ಒಮ್ಮೆ ಮೀಟಿಂಗ್ ಕರೆದು ಅವರನ್ನು ಕೂರಿಸಿದರು. ಸಾರ್ ಕನ್ನಡಕ ಒರೆಸಿಕೊಂಡು ಎಡಿಷನ್ ಹೇಳುವ ಬದಲು ಪ್ರಶ್ನೆ ಕೇಳಿದರು. ಒಟ್ಟು ಯಾವ್ಯಾವ ಸಿಪಿಯು ಇವೆ? ಒಂದೊಂದರ ಫರ್ಮ್‌ವೇರ್ ಎಷ್ಟು? ಯಂತ್ರ ಕೊಟ್ಟವರ ಪ್ರಾಜೆಕ್ಟ್ ಯಾವ ವರ್ಷನ್ನಿನಲ್ಲಿದೆ? ಪಾಸ್‌ವರ್ಡ್ ಇದೆಯಾ? ಸೇಫ್ಟಿ ಇದೆಯಾ? ಒಂದೇ ಹೊತ್ತಿಗೆ ಎಷ್ಟು ಜನ ತೆರೆದು ಕೂರುತ್ತೀರಿ? ಪ್ರಶ್ನೆಗಳೆಲ್ಲ ಸರಿಯಾದವೇ, ಈ ಕ್ರಮದಲ್ಲೇ ಕೇಳಬೇಕಾದವು. ಕೋಣೆಯಲ್ಲಿ ಒಂದಕ್ಕೂ ಉತ್ತರ ಗೊತ್ತಿದ್ದವರಿರಲಿಲ್ಲ. ಪಟ್ಟಿ ಮಾಡಿಕೊಂಡು ಬನ್ನಿ, ಸೋಮವಾರ ಹೇಳುತ್ತೇನೆ ಎಂದು ಸಾರ್ ಎದ್ದರು. ಬಜೆಟ್ ಶನಿವಾರಕ್ಕೆ ಮುಗಿಯುವುದಿತ್ತು, ಪರ್ಚೇಸಿನವರು ಬೇಸಿಕ್ಕೂ ಬೇಡ, ಅಷ್ಟು ದುಬಾರಿಯ ಪ್ರೊಫೆಷನಲ್ಲೂ ಬೇಡವೆಂದು ‘ಸ್ಟೆಪ್ 7, ಸ್ಟ್ಯಾಂಡರ್ಡ್ ಎಡಿಷನ್, ಒಂದು’ ಎಂದು ಪಿಓ ಕಳಿಸಿಬಿಟ್ಟರು. ಟಿಐಎ ಪೋರ್ಟಲ್‌ನಲ್ಲಿ ಅಂಥದೊಂದು ಇಲ್ಲ. ಸೋಮವಾರ ಡೀಲರ್ ಫೋನ್ ಮಾಡಿ, ಇದು ಯಾವ ಎಡಿಷನ್ ಎಂದು ವಿಚಾರಿಸಿದರು. ಪರ್ಚೇಸಿನವರು ಫೋನನ್ನು ಸಾರ್ ಕೈಗೆ ಕೊಟ್ಟರು.