ದತ್ತು ತೆಗೆದುಕೊಂಡ ಮಹನೀಯರಿಗೆ

ವಿಶಾಖಪಟ್ಟಣ ಮತ್ತು ವಿಜಯವಾಡದ ಸಕಲ ವಿಶ್ವವಿದ್ಯಾಲಯ, ಕಾಲೇಜುಗಳ ‘ಸಮುದಾಯ ಸಹಭಾಗಿತ್ವ’ ಸಂಯೋಜಕರ ದಿವ್ಯ ಸನ್ನಿಧಿಗೆ,

ಕನ್ನಡದ ಒಬ್ಬ ಓದುಗನ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ. ಅತ್ತ ಎಲ್ಲರೂ ಕ್ಷೇಮವೆಂಬುದು ನಿಮ್ಮ ಪವರ್‌ಪಾಯಿಂಟ್‌ಗಳಿಂದ ತಿಳಿಯುತ್ತಲೇ ಇದೆ.

ತೆಲುಗು ಸೀಮೆಯವರಿಗೆ ಕನ್ನಡದಲ್ಲಿ ಪತ್ರವೇ ಎಂದು ಹುಬ್ಬೇರಿಸಬೇಡಿ. ಕಡಲ ದಂಡೆಯ ಮೀನುಗಾರರ ಬದುಕಿನ ಬಗ್ಗೆ ನೀವು ಇಂಗ್ಲಿಷಿನಲ್ಲಿ ವರದಿ ಬರೆಯುತ್ತೀರಿ. ಸಹಭಾಗಿಗೆ ಓದಲು ಬಾರದ ಭಾಷೆಯಲ್ಲೇ ಸಹಭಾಗಿತ್ವ ನಡೆಯಬೇಕೆಂಬುದು ನೀವು ಹಾಕಿಕೊಟ್ಟ ಪದ್ಧತಿ. ನಾನು ಅದನ್ನು ಪಾಲಿಸಿದ್ದೇನೆ, ಅಷ್ಟೆ.

ಅಲ್ಲದೆ ನಮಗೂ ನಿಮಗೂ ಹಳೆಯ ನಂಟು. 1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ ಹುಟ್ಟಿ, 1930ರಲ್ಲಿ ವಿಶಾಖಪಟ್ಟಣದ ವಾಲ್ತೇರಿಗೆ ಬಿಡಾರ ಬದಲಿಸಿದ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದಾಗ ದಲಿತ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಸಲು ದುಡಿದವರು. 1930ರಲ್ಲಿ ಬ್ರಿಟಿಷ್ ಸರ್ಕಾರದ ದಬ್ಬಾಳಿಕೆಯನ್ನು ಪ್ರತಿಭಟಿಸಿ ಕುಲಪತಿಯ ಕುರ್ಚಿಯನ್ನೇ ಬಿಟ್ಟು ಎದ್ದುಬಂದರು. ಗಾಬರಿ ಬೇಡ, ಅಷ್ಟು ದೂರ ಹೋಗಿ ಎಂದು ನಿಮ್ಮನ್ನು ಯಾರೂ ಕೇಳುತ್ತಿಲ್ಲ.

ಇನ್ನು ವಿಷಯಕ್ಕೆ ಬರೋಣ. 2014ರಲ್ಲಿ ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನ ಬಂತು. ಸಂಸ್ಥೆಗೆ ಐದೈದು ಹಳ್ಳಿ ದತ್ತು ಎಂದಿತು. ಮೊನ್ನೆ ಮೊನ್ನೆ ಕಣ್ಣುಬಿಟ್ಟ ಕಾಲೇಜು ನೂರಾರು ವರ್ಷದ ಊರನ್ನು ದತ್ತು ತೆಗೆದುಕೊಳ್ಳುವುದೆಂದರೆ ಮರಿಮಗ ಮುತ್ತಜ್ಜನನ್ನು ತೊಟ್ಟಿಲಿಗೆ ಹಾಕಿದಂತೆ. ಮುತ್ತಜ್ಜ ಸುಮ್ಮನೆ ಮಲಗಿರಬೇಕು, ಯಾಕೆಂದರೆ ಕಾಲೇಜುಗಳನ್ನು ಅಳೆದು ದರ್ಜೆ ಕೊಡುವ ನ್ಯಾಕ್ ಸಮಿತಿಗೆ ಫೋಟೊ ಬೇಕು, ಅದೂ ಜಿಯೋಟ್ಯಾಗ್ ಸಮೇತ. 2022ರಲ್ಲಿ ಯುಜಿಸಿ ಸಮುದಾಯ ಕಾಳಜಿಗೆ ಎರಡು ಕ್ರೆಡಿಟ್ ಗೊತ್ತುಮಾಡಿತು. ಆಂಧ್ರದ ಉನ್ನತ ಶಿಕ್ಷಣ ಪರಿಷತ್ತಂತೂ ಒಂದು ಹೆಜ್ಜೆ ಮುಂದೆ ಹೋಗಿ, ಪದವಿಯ ಮಕ್ಕಳಿಗೆಲ್ಲ 180 ಗಂಟೆಗಳ ‘ಕಮ್ಯುನಿಟಿ ಸರ್ವಿಸ್ ಪ್ರಾಜೆಕ್ಟ್’ ಅನ್ನು ಕಡ್ಡಾಯ ಮಾಡಿತು.

ಅದರ ಕ್ರಮವನ್ನು ನೋಡಿ ತಲೆದೂಗಿದೆ. ಮೊದಲ ವಾರ ಸಮೀಕ್ಷೆ. ಎರಡನೆಯ ವಾರ ಜಾಗೃತಿ. ಆಮೇಲೆ ಜನರೊಡನೆ ಬೆರೆತು ಇರುವುದು. ಕಡೆಗೆ ನಿರ್ಗಮನ ವರದಿ. ಅಂದರೆ ಜನರ ಜೊತೆ ಬೆರೆಯುವ ಮೊದಲೇ ಅವರಿಗೆ ಬುದ್ಧಿ ಹೇಳಿ ಮುಗಿದಿರುತ್ತದೆ. ಲಾಗ್ ಬುಕ್ಕಿಗೆ ಮೇಷ್ಟ್ರ ಸಹಿ ಬೀಳುತ್ತದೆ, ಗ್ರೇಡು ಬರುತ್ತದೆ. ಊರಿಗೇನು ಬರುತ್ತದೆ ಎಂಬ ಕಾಲಂ ಮಾತ್ರ ಲಾಗ್ ಬುಕ್ಕಿನಲ್ಲಿಲ್ಲ.

ಈ ಕೆಲಸಕ್ಕೆ ಬೇಸಿಗೆ ರಜೆಯನ್ನು ಆರಿಸಿದ್ದೂ ಜಾಣತನವೇ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಲೆ ಹೊಲಿಯುತ್ತಾ ದಂಡೆಯಲ್ಲೇ ಕೂತ ಮೀನುಗಾರ ಸಮೀಕ್ಷೆಗೆ ಎಷ್ಟು ಸುಲಭವಾಗಿ ಸಿಗುತ್ತಾನೆ! ‘ತಿಂಗಳ ಆದಾಯ?’ ಎಂದು ಕೇಳಿ. ಸೊನ್ನೆ ಎನ್ನುತ್ತಾನೆ. ಆ ಸೊನ್ನೆಯನ್ನೇ ದುಂಡಗೆ ಬರೆದು, ಬಣ್ಣ ತುಂಬಿ ಪೈ ಚಾರ್ಟ್ ಮಾಡಿ, ‘ಫಲಾನುಭವಿಗಳಲ್ಲಿ ಉಳಿತಾಯದ ಅರಿವಿನ ಕೊರತೆ’ ಎಂದು ತೀರ್ಪು ಕೊಡಿ. ನೀರಿನ ಬಣ್ಣ ನೋಡಿ ಮೀನಿನ ಜಾಡು ಹೇಳುವ, ದಡದ ಗುಡ್ಡಗಳನ್ನು ಗುರುತಿಟ್ಟುಕೊಂಡು ಕತ್ತಲಲ್ಲಿ ದೋಣಿ ತಿರುಗಿಸುವ ಆ ಮನುಷ್ಯನಿಗೆ ಕೈ ತೊಳೆಯುವುದು ಹೇಗೆಂದು ತೋರಿಸಿಕೊಟ್ಟು ಬನ್ನಿ. 2023ರ ನವೆಂಬರಿನಲ್ಲಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಒಂದೇ ರಾತ್ರಿ ಸುಮಾರು 40 ದೋಣಿ ಸುಟ್ಟುಹೋದಾಗ, ಪರಿಹಾರದ ಕಾಗದಪತ್ರ ಬರೆಯಲು ಕಾಮರ್ಸ್ ಮತ್ತು ಕಾನೂನು ಓದಿದವರ ಅಗತ್ಯ ನಿಜಕ್ಕೂ ಇತ್ತು. ಆದರೆ ಬೆಂಕಿಗೆ ಶೈಕ್ಷಣಿಕ ಕ್ಯಾಲೆಂಡರ್ ಗೊತ್ತಿಲ್ಲವಲ್ಲ.

ವಿಜಯವಾಡದ ನೀರಿಗೂ ಗೊತ್ತಿಲ್ಲ. 2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ಹೊಳೆ ಉಕ್ಕಿ ಬಂದು, ಸಿಂಗ್ ನಗರದ ಜನ ಯಾವ ಕ್ರೆಡಿಟ್ಟೂ ಇಲ್ಲದೆ ದಿನಗಟ್ಟಲೆ ನೀರಿನಲ್ಲಿದ್ದರು. 2005ರಲ್ಲೂ ಇದೇ ಹೊಳೆ ಊರಿಗೆ ನುಗ್ಗಿತ್ತು. ನೀರು ಮೊದಲು ಯಾವ ಓಣಿಗೆ ಬರುತ್ತದೆ, ಹೊಳೆಯ ಪಾತ್ರ ಹಿಂದೆ ಎಲ್ಲಿಯವರೆಗಿತ್ತು, ಅದರ ಮೇಲೆ ಯಾವ ಕಟ್ಟಡ ಯಾವಾಗ ಎದ್ದಿತು ಎಂಬುದನ್ನು ಅಲ್ಲಿಯ ಅಜ್ಜಿಯರು ಬೆರಳು ಮಾಡಿ ತೋರಿಸುತ್ತಾರೆ. ಅವರ ಜೊತೆ ಕೂತು ಒಂದು ನಕ್ಷೆ ಬರೆದರೆ ಅದಕ್ಕಿಂತ ದೊಡ್ಡ ಸಂಶೋಧನೆ ಬೇಕಿಲ್ಲ. ನಿಮ್ಮ ಸಂಕೋಚವೂ ಅರ್ಥವಾಗುತ್ತದೆ. ಆ ನಕ್ಷೆಯಲ್ಲಿ ಹೊಳೆಯನ್ನು ನುಂಗಿದವರ ಹೆಸರೂ ಬರುತ್ತದೆ. ಅವರೇ ನಿಮ್ಮ ಮುಂದಿನ ಸಮಾರಂಭದ ಮುಖ್ಯ ಅತಿಥಿಗಳಾಗಿದ್ದರೆ ಕಷ್ಟ.

ಒಂದು ಸಂಗತಿಯನ್ನು ಮಾತ್ರ ನಗುತ್ತಾ ಹೇಳಲಾಗುವುದಿಲ್ಲ. ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂ ಪಕ್ಕದ ಪಾಲಿಮರ್ ಕಾರ್ಖಾನೆ ಶುರುವಾದದ್ದು 1961ರಲ್ಲಿ. 2020ರ ಮೇ 7ರ ನಸುಕಿನಲ್ಲಿ ಅಲ್ಲಿಂದ ಸ್ಟೈರೀನ್ ಅನಿಲ ಸೋರಿ 12 ಜನ ಸತ್ತರು. ನಡುವಿನ ಸುಮಾರು ಅರವತ್ತು ವರ್ಷ ಅದೇ ಊರಿನಲ್ಲಿ ರಸಾಯನಶಾಸ್ತ್ರದ ತರಗತಿಗಳು ನಡೆಯುತ್ತಲೇ ಇದ್ದವು. ಆ ಟ್ಯಾಂಕಿನೊಳಗೆ ಏನಿದೆ, ಅದು ಹೊರಗೆ ಬಂದರೆ ಯಾವ ದಿಕ್ಕಿಗೆ ಓಡಬೇಕು ಎಂಬುದನ್ನು ಗೋಡೆಯ ಪಕ್ಕದ ಜನಕ್ಕೆ ತಿಳಿಸುವುದು ವಿದ್ಯಾವಂತರ ಮೊದಲ ಕೆಲಸವಾಗಬೇಕಿತ್ತು. ಬಹಳ ಮಂದಿಗೆ ಸ್ಟೈರೀನ್ ಎಂಬ ಹೆಸರು ಕಿವಿಗೆ ಬಿದ್ದದ್ದು ಹೆಣಗಳು ಬಿದ್ದ ಮೇಲೆ.

ನಿಮ್ಮ ಕಡೆಯಲ್ಲೇ ದಾರಿ ತೋರಿದ ಹಿರಿಯರಿದ್ದರು. ಪರ್ಲಾಕಿಮಿಡಿಯ ಮೇಷ್ಟ್ರು ಗಿಡುಗು ರಾಮಮೂರ್ತಿ (1863-1940) ಸವರ ಆದಿವಾಸಿಗಳ ಭಾಷೆಯನ್ನು ಅವರಿಂದಲೇ ಕಲಿತರು. ಅವರ ಮಕ್ಕಳಿಗೆ ಅದೇ ಭಾಷೆಯಲ್ಲಿ ಪುಸ್ತಕ ಮಾಡಿದರು, ಶಾಲೆ ತೆರೆದರು. ವ್ಯಾಕರಣ, ನಿಘಂಟು ಬರೆದರು. ಪಾಪ, ಇಂದಿನ ವೈವಾದಲ್ಲಿ ಅವರು ಪಾಸಾಗುವುದಿಲ್ಲ. ‘ಎಂಒಯು ಎಲ್ಲಿ? ಬ್ಯಾನರ್ ಹಿಡಿದ ಫೋಟೊ ಎಲ್ಲಿ? 180 ಗಂಟೆಯಲ್ಲಿ ಮುಗಿಸುವುದನ್ನು ಬಿಟ್ಟು ಆಯುಷ್ಯವನ್ನೆಲ್ಲ ತೆಗೆದುಕೊಂಡಿದ್ದೀರಿ, ತಡವಾದದ್ದಕ್ಕೆ ದಂಡ ಕಟ್ಟಿ ಬನ್ನಿ.’ ಸಸ್ಯಶಾಸ್ತ್ರದ ಮೇಷ್ಟ್ರು ಗೋರಾ ಅವರ ಕಥೆ ಇನ್ನೂ ಕೆಟ್ಟದ್ದು. ತಮ್ಮ ವಿಚಾರಗಳಿಗಾಗಿ ಕಾಲೇಜಿನ ನೌಕರಿ ಕಳೆದುಕೊಂಡು, 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ತೆರೆದು, 1947ರಲ್ಲಿ ಅದನ್ನು ವಿಜಯವಾಡಕ್ಕೆ ತಂದು, ಅಸ್ಪೃಶ್ಯತೆಯ ವಿರುದ್ಧ ಸಹಭೋಜನ ನಡೆಸಿದ ಅವರು ನಿರ್ಗಮನ ವರದಿಯನ್ನೇ ಸಲ್ಲಿಸಲಿಲ್ಲ. ಜನರ ನಡುವಿನಿಂದ ನಿರ್ಗಮಿಸಿದ್ದರೆ ತಾನೇ ಸಲ್ಲಿಸುವುದು?

ಆದ್ದರಿಂದ ಕೆಲವು ವಿನಮ್ರ ಸಲಹೆಗಳು. ಪ್ರಶ್ನೆಗಳನ್ನು ವಿಭಾಗದ ಕೋಣೆಯಲ್ಲಿ ತಯಾರಿಸಬೇಡಿ. ‘ನಿಮಗೆ ಏನು ತಿಳಿಯಬೇಕಾಗಿದೆ?’ ಎಂದು ಊರನ್ನೇ ಕೇಳಿ. ಊರಾಚೆಯಿಂದ ಬರುವ ಉಪನ್ಯಾಸಕರಿಗೆ ಶಾಲು, ಹಾರ, ಪ್ರಯಾಣ ಭತ್ಯೆ ಕೊಡುತ್ತೀರಿ. ಮಧ್ಯಾಹ್ನದ ವ್ಯಾಪಾರ ಬಿಟ್ಟು ನಿಮ್ಮ ಹುಡುಗರಿಗೆ ಪಾಠ ಹೇಳಿದ ಮೀನು ಮಾರುವ ಹೆಂಗಸಿಗೂ ಸಂಭಾವನೆ ಕೊಡಿ, ಅವಳೂ ಸಂಪನ್ಮೂಲ ವ್ಯಕ್ತಿಯೇ. ವರದಿಯನ್ನು ತೆಲುಗಿನಲ್ಲಿ ಬರೆದು, ಅದೇ ಬೀದಿಯಲ್ಲಿ, ಅವರೆಲ್ಲ ಮನೆಯಲ್ಲಿರುವ ಹೊತ್ತಿನಲ್ಲಿ ಓದಿ. ತಪ್ಪಿದ್ದರೆ ಅವರು ತಿದ್ದಲಿ. ಅಂಕವನ್ನೂ ಅವರೇ ಹಾಕಲಿ. ಮಕ್ಕಳ ಮೇಲೆ ನನಗೆ ಯಾವ ದೂರೂ ಇಲ್ಲ. ಫಾರಂ ಪಕ್ಕಕ್ಕಿಟ್ಟರೆ ಅವರು ತಾವಾಗಿಯೇ ಕಲಿಯುತ್ತಾರೆ. ಫಾರಂ ಪಕ್ಕಕ್ಕಿಡಲು ಬಿಡದವರು ನೀವು.

ಕನ್ನಡದ ಓದುಗರೇ, ಇದು ಆಂಧ್ರದವರ ಗೋಳು ಎಂದು ನಕ್ಕು ಪುಟ ತಿರುವಬೇಡಿ. ನ್ಯಾಕ್ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. ಅದಕ್ಕಾಗಿ ತೊಟ್ಟಿಲು ತೂಗುವವರು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ನಾಳೆ ನಿಮ್ಮ ಬೀದಿಗೂ ಫಾರಂ ಹಿಡಿದ ಹುಡುಗರು ಬರುತ್ತಾರೆ. ಕೂರಿಸಿ, ನೀರು ಬೆಲ್ಲ ಕೊಡಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ. ಆಮೇಲೆ, ಹೋದ ವರ್ಷ ಬರೆದುಕೊಂಡು ಹೋದದ್ದರ ಪ್ರತಿ ಎಲ್ಲಿ ಎಂದು ಕೇಳಿ. ಅದು ಕೈಗೆ ಬಂದ ಮೇಲೆಯೇ ಸಹಿ ಹಾಕಿ.

ಇಂತಿ,
ಇನ್ನೂ ಯಾರೂ ದತ್ತು ತೆಗೆದುಕೊಳ್ಳದ ಒಬ್ಬ ಪ್ರಜೆ